ಬಲಗಡೆಯ ದೀಪ

ಮುನಿಯಲ್ಲಪ್ಪ ತೀರಿಕೊಂಡ ಸುದ್ದಿ ಹೋಳೂರಿಗೆ ಮುಟ್ಟಿದ್ದು ಭಾನುವಾರ ಬೆಳಗ್ಗೆ, ಡೈರಿಗೆ ಹಾಲು ಹಾಕುವ ಹೊತ್ತಿಗೆ. ಅವನ ತಂಗಿ ಆದಿಲಕ್ಷ್ಮಮ್ಮ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಮುಂದೆ ನಿಂತವಳ ಹಸು ಇನ್ನೂ ಈದಿಲ್ಲವೆಂಬ ಮಾತು ನಡೆದಿತ್ತು. ಅಷ್ಟರಲ್ಲಿ ಗಂಡ ಚನ್ನರಾಯಪ್ಪ ಬರಿಗಾಲಲ್ಲಿ ಬೀದಿಯ ನಡುವೆ ಬರುವುದು ಕಾಣಿಸಿತು. ಚಪ್ಪಲಿ ಮೆಟ್ಟದೆ ಹೊಸ್ತಿಲು ದಾಟುವ ಗಂಡಸಲ್ಲ ಅವನು. ಯಾರೋ ಹೋಗಿದ್ದಾರೆ ಎಂದು ಆಕೆಗೆ ಅಲ್ಲೇ ತಿಳಿಯಿತು. ಯಾರು ಎಂಬುದೊಂದು ತಿಳಿಯಲಿಲ್ಲ.

"ಹಾಲು ಹಾಕ್ಬಿಟ್ಟು ಬಾ," ಎಂದ.

"ಮೊದ್ಲು ಹೇಳಿ."

"ನಿಮ್ಮಣ್ಣ ಕಣೇ. ಪವಿತ್ರ ಫೋನ್ ಮಾಡಿತ್ತು."

ಪವಿತ್ರ ಮುನಿಯಲ್ಲಪ್ಪನ ಒಬ್ಬಳೇ ಮಗಳು, ತಾಯಿಯಿಲ್ಲದವಳು. ಶನಿವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಅವಳ ಅಪ್ಪ ಮಾಸ್ತಿಯಲ್ಲಿ ಹಾಲು ಹಾಕಿ ಖಾಲಿ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ತೋಟದ ಮನೆಗೆ ಹಿಂದಿರುಗುತ್ತಿದ್ದ. ತೋಟದ ದಾರಿ ಒಡೆಯುವ ಜಾಗಕ್ಕೆ ಬಂದಾಗ ಎದುರಿನಿಂದ, ಮಾಲೂರಿನ ಕಡೆಯಿಂದ, ಒಂದು ಕಾರು ಬಂತು. ನೇರ ಹೋಗುತ್ತದೆ ಎಂದು ಮುನಿಯಲ್ಲಪ್ಪ ತನ್ನ ಪಾಡಿಗೆ ತಾನು ಬಂದ. ಕಾರು ಏನೂ ಸೂಚನೆ ಕೊಡದೆ ಬಲಕ್ಕೆ ಹೊರಳಿ ಅವನಿಗೆ ಅಡ್ಡವಾಯಿತು. ಮೊಪೆಡ್ಡು ಗುದ್ದಿ ಬಿದ್ದವನು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು ಬೆಳಗಿನ ಜಾವಕ್ಕೆ ಉಸಿರು ಬಿಟ್ಟ. ಕಾರಿನವನು ಓಡಿಹೋಗಲಿಲ್ಲ. ಮುಂದಿನ ಇಂಡಿಕೇಟರ್ ಕೆಟ್ಟು ಬಹಳ ದಿನವಾಗಿತ್ತಂತೆ. "ಹಗಲು ಹೊತ್ತು, ಏನಾಗ್ತದೆ ಅಂದ್ಕೊಂಡೆ" ಎಂದು ಠಾಣೆಯಲ್ಲಿ ಕೂತು ಅತ್ತನಂತೆ.

ಅಂದು ಮಧ್ಯಾಹ್ನ ಹೋಳೂರಿನವರು ಕೆಲವರು ಒಂದು ಟೆಂಪೋ ಮಾಡಿಕೊಂಡು ಮಾಸ್ತಿಗೆ ಹೋದರು. ಸಂಜೆಗೆ ತೋಟದಲ್ಲೇ, ಹಿಪ್ಪುನೇರಳೆಯ ಸಾಲಿನ ಪಕ್ಕದಲ್ಲಿ ಮಣ್ಣು ಮಾಡಿದರು.

ಆ ಮನೆತನದಲ್ಲಿ ಮೂರನೆಯ ದಿನದ ಹಾಲುತುಪ್ಪಕ್ಕೆ ಒಂದು ಕಟ್ಟಳೆಯುಂಟು. ಗೋರಿಯ ಮಣ್ಣಿನ ಗುಡ್ಡೆಯ ಮೇಲೆ ಮೊದಲ ಹಾಲು ಎರೆಯಬೇಕಾದವಳು ಕೊಟ್ಟ ಮನೆಯಿಂದ ಬಂದ ಹೆಣ್ಣುಮಗಳು. ಹಾಲು ಅವಳ ಕೊಟ್ಟಿಗೆಯದೇ ಆಗಬೇಕು, ಅಂದು ಬೆಳಗ್ಗೆ ಕರೆದದ್ದಾಗಬೇಕು, ಒಲೆ ಕಾಣಬಾರದು, ದಾರಿಯಲ್ಲಿ ನೆಲ ಮುಟ್ಟಬಾರದು. ಅವಳು ಎರೆದ ಮೇಲೆಯೇ ಉಳಿದವರು ಚೆಂಬು ಎತ್ತುವುದು. ಅಪ್ಪ ಹೋದಾಗ ಸೋದರತ್ತೆ ಎರೆದಿದ್ದಳು. ಈಗ ಆ ಸರದಿ ಆದಿಲಕ್ಷ್ಮಮ್ಮನದು.

ಮಣ್ಣು ಮುಗಿಸಿ ಕೈಕಾಲು ತೊಳೆಯುವಾಗ ಮನೆತನಕ್ಕೆ ಹಿರಿಯಳಾದ ಚಿಕ್ಕಮ್ಮ ಗಂಗರತ್ನಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮಂಗಳವಾರ ಬಿಸ್ಲೇರೋದ್ರೊಳ್ಗೆ ಆಗ್ಬೇಕು. ಹತ್ತು ಗಂಟೆ ದಾಟ್ತೋ, ನನ್ನ ಮಗಳು ಎರೀತಾಳೆ. ಅವಳೂ ಈ ಮನೆ ಹೆಣ್ಣೇ."

"ಬರ್ತೀನಿ ಚಿಕ್ಕಮ್ಮ."

"ಹೆಂಗ್ ಬರ್ತೀಯ? ಹಸ ಕರ್ಕೊಂಡು, ಮೂರು ಬಸ್ಸು ಹತ್ತಿಳ್ದು, ಚೆಂಬು ಕೆಳಗಿಡ್ದೆ?"

"ಅಣ್ಣ ಕೊಡ್ಸಿದ ಕಾರಿದೆ."

ಗಂಗರತ್ನಮ್ಮ ಮೂಗಿನಲ್ಲೇ ಏನೋ ಅಂದುಕೊಂಡು ಕಾಲಿಗೆ ನೀರು ಹೊಯ್ದುಕೊಂಡಳು.

ಮುನಿಯಲ್ಲಪ್ಪ ಕೋಲಾರದ ಮಂಡಿಗೆ ಟೊಮೇಟೊ ಹೊಡೆಯುತ್ತಿದ್ದ ಟೆಂಪೋ ಡ್ರೈವರು. ವಯಸ್ಸಾದ ಮೇಲೆ ಟೆಂಪೋ ಮಾರಿ, ಯಾರದೋ ಕೈ ದಾಟಿದ ಒಂದು ಬಿಳಿ ಕಾರನ್ನು ನೋಡಿ ತಂಗಿಗೆ ಕೊಡಿಸಿದ್ದ. ಭಾವನಿಗೆ ಕಲಿಸಲು ಹೋದರೆ ಚನ್ನರಾಯಪ್ಪ, "ನನಗೆ ಎತ್ತಿನ ಹಗ್ಗ ಗೊತ್ತು, ಆ ಚಕ್ರ ಬೇಡ" ಎಂದು ಕೈಯೆತ್ತಿಬಿಟ್ಟ. "ಹಂಗಾದ್ರೆ ಆದಿ ಕಲೀಲಿ ಬಿಡು" ಎಂದ ಮುನಿಯಲ್ಲಪ್ಪ. ಊರವರು ನಗುತ್ತಿರುವಾಗಲೇ, ನೀರಿಲ್ಲದೆ ಒಣಗಿದ್ದ ಹೋಳೂರಿನ ಕೆರೆ ಅಂಗಳದಲ್ಲಿ ತಂಗಿಯನ್ನು ಕೂರಿಸಿ ಗಾಡಿ ಬಿಡುವುದು ಕಲಿಸಿದ. ಐವತ್ತು ದಾಟಿದ ಹೆಂಗಸು ಲೈಸೆನ್ಸು ತಂದಳು. ಅಂದಿನಿಂದ ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಕುರುಡುಮಲೆ ಗಣಪನ ಗುಡಿಗೂ ನೆಂಟರ ಮದುವೆಗಳಿಗೂ ಆಕೆಯೇ ಹೊಡೆದುಕೊಂಡು ಹೋಗುತ್ತಿದ್ದಳು.

ಅಣ್ಣ ಕಲಿಸಿದ ಮೊದಲ ಪಾಠ, ಗಾಡಿ ಹತ್ತುವ ಮುಂಚೆ ಸುತ್ತ ಒಂದು ಸಲ ಬರುವುದು. "ಗುಡೀಲಿ ಸುತ್ತು ಹಾಕಲ್ವಾ, ಹಂಗೇ. ಟಯರು ನೋಡು, ಲೈಟು ನೋಡು, ಕೆಳಗೆ ನಾಯಿ ಮಲ್ಗೈತಾ ನೋಡು."

ಸೋಮವಾರ ಬೆಳಗ್ಗೆ ಆದಿಲಕ್ಷ್ಮಮ್ಮ ಹಾಗೇ ಸುತ್ತು ಬಂದಳು. ಒಳಗೆ ಕೂತು ಇಂಡಿಕೇಟರ್ ಹಾಕಿದಾಗ ಟಿಕಟಿಕ ಸದ್ದು ಎಂದಿಗಿಂತ ಬೇಗ ಬೇಗ ಬಂತು. ಹಾಗೆ ಬಂದರೆ ಎಲ್ಲೋ ಒಂದು ಬಲ್ಬು ಸತ್ತಿದೆ ಎಂದೇ ಅರ್ಥ. ಇಳಿದು ನೋಡಿದಳು. ಹಿಂದಿನ ದೀಪಗಳು ಮಿಣುಕುತ್ತಿದ್ದವು. ಮುಂದೆ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

ಚನ್ನರಾಯಪ್ಪ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

"ಹಿಂದೆ ಉರೀತದಲ್ಲ, ಸಾಕು ಬಿಡು," ಎಂದ.

"ಎದುರಿಗೆ ಬರೋನಿಗೆ ಹಿಂದಿನ ದೀಪ ಕಾಣ್ತದಾ?"

"ಕೈ ಆಚೆ ಹಾಕಿದ್ರಾಯ್ತು. ಹಗಲು ಹೊತ್ತು, ಏನಾಗ್ತ…"

 ಅವನು ಲೋಟ ಕೆಳಗಿಟ್ಟು ನೆಲ ನೋಡಿದ. 

"ಮಾಲೂರು ಕಡೆಯಿಂದ ಹೋಗಿ ನಾನು ಬಲಕ್ಕೆ ತಿರುಗ್ಬೇಕಾಗಿರೋದು ಅದೇ ಜಾಗದಾಗೆ," ಎಂದಳು ಆಕೆ. "ಆ ಕಾರಿನವ್ನು ತಿರುಗ್ದಂಗೇ ನಾನೂ ತಿರುಗಿ, ಅಣ್ಣನ ಗುಡ್ಡೆಗೆ ಹಾಲು ಹುಯ್ಯಲಾ? ದೀಪ ಇಲ್ದೆ ಆ ತಿರುವು ತಿರುಗಲ್ಲ ನಾನು. ಹಾಲೂ ಬಿಡಲ್ಲ."

"ಬಾಡಿಗೆ ಕಾರು ಕರ್ಸೋಣ."

"ಅವ್ನು ಹೇಳ್ಕೊಟ್ಟ ಗಾಡೀಲೇ ಹೋಗ್ತೀನಿ."

 ಚನ್ನರಾಯಪ್ಪ ಎದ್ದು ಗ್ಯಾರೇಜಿನ ಗೋಪಿಯ ಮನೆಗೆ ಹೋಗಿಬಂದ. ಗೋಪಿ ಮಗುವಿನ ಮುಡಿ ಕೊಡಲು ತಿರುಪತಿಗೆ ಹೋಗಿದ್ದ, ಬರುವುದು ಬುಧವಾರ. "ಗೋವಿಂದ," ಎಂದು ಚನ್ನರಾಯಪ್ಪ ಕೈ ಆಡಿಸಿದ.

ಆದಿಲಕ್ಷ್ಮಮ್ಮ ಆಗಲೇ ಬಾನೆಟ್ಟು ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದ್ದಳು. ದೀಪದ ಬೆನ್ನಿನ ಹಿಂದೆ ಏನೋ ಕಪ್ಪಗೆ ಜೋತುಬಿದ್ದಿತ್ತು. ಮುಟ್ಟಿ ನೋಡಿದರೆ ನಿಂಬೆಹಣ್ಣು, ಒಣಮೆಣಸಿನಕಾಯಿ. ಆಚೆಯೂ ಅಂಥದ್ದೇ ಇನ್ನೊಂದು.

"ಇದೇನಿದು?"

"ದೃಷ್ಟಿಗೆ. ಅಮಾಸೆ ಅಮಾಸೆಗೂ ಕಟ್ತೀನಿ."

"ಎಲ್ರೂ ಬಂಪರಿಗೆ ಕಟ್ತಾರೆ."

"ಬಂಪರಿಗೆ ಕಟ್ಟಿದ್ನಲ್ಲ, ಪಕ್ಕದ್ಮನೆ ಮೇಕೆ ತಿಂದ್ಕೊಂಡ್ಹೋಯ್ತು. ಅದಕ್ಕೆ ಒಳಗಡೆ. ಗಾಡಿಗೆ ಎರಡು ಕಣ್ಣಲ್ವಾ, ಒಂದೊಂದಕ್ಕೂ ಒಂದೊಂದು."

ಆಕೆ ದಾರ ಕತ್ತರಿಸಿ ಅವನ್ನು ತೆಗೆದು, ಕಾಲಿಗೆ ಸಿಗದ ಹಾಗೆ ಬೇಲಿಯಾಚೆ ಎಸೆದಳು. ಮತ್ತೆ ಕೈ ಒಳಗೆ ಹಾಕಿದಳು. ಕೈ ಹೋಗಲಿಲ್ಲ. ಬಳೆಗಳು ಅಡ್ಡ ಬಂದವು. ಸಾವಿನ ಮನೆಗೆ ಹೋಗಿಬಂದ ಮುತ್ತೈದೆ ಬಳೆ ತೆಗೆದು ಕೈ ಬರಿದು ಮಾಡಿಕೊಳ್ಳುವಂತಿಲ್ಲ. ಬಳೆಗಳನ್ನು ಮೊಣಕೈಯತನಕ ಸರಿಸಿ, ಜಾರದ ಹಾಗೆ ಒಂದು ಬಟ್ಟೆ ಸುತ್ತಿ ಗಂಡನ ಕೈಲಿ ಗಂಟು ಹಾಕಿಸಿಕೊಂಡಳು. ಈಗ ಹೋಯಿತು. ದೀಪದ ಹಿಂದಿನ ಹೋಲ್ಡರನ್ನು ಹಿಡಿದು ಎಡಕ್ಕೆ ತಿರುಗಿಸಿ ಎಳೆದಳು. ಬಲ್ಬು ಸಮೇತ ಕೈಗೆ ಬಂತು. ಬಲ್ಬನ್ನು ಒತ್ತಿ ತಿರುಗಿಸಿದಾಗ ಅದೂ ಕಳಚಿತು. ಗಾಜು ಒಳಗೆಲ್ಲ ಮಸಿ ಹಿಡಿದಿತ್ತು.

ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೋಲಾರದ ಬಸ್ಸು ಹತ್ತಿದಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆಂಜಿ ಎಂಬವನ ಗಾಡಿ ಸಾಮಾನಿನ ಅಂಗಡಿಯಿದೆ.

"ಏಮಕ್ಕಾ, ಡ್ರೈವರ್ ಕಳ್ಸಿದ್ನಾ?" ಎಂದ ಆಂಜಿ.

"ನಾನೇ ಡ್ರೈವರು."

"ಅಟ್ಲನಾ, ಹಂಗಾ?" ಎಂದು ಹುಬ್ಬೇರಿಸಿ, ಬಲ್ಬನ್ನು ದೂರದಿಂದಲೇ ನೋಡಿ ಒಂದು ಬಿಳಿ ಬಲ್ಬು ತೆಗೆದಿಟ್ಟ.

ಆದಿಲಕ್ಷ್ಮಮ್ಮ ಎರಡನ್ನೂ ಅಕ್ಕಪಕ್ಕ ಹಿಡಿದಳು. "ಇದು ಅಲ್ಲಪ್ಪ. ನಂದಕ್ಕೆ ಗಾಜೇ ಅರಿಶಿನ. ಬುಡದ ಪಕ್ಕ ಮೊಳೆ ತಲೆಯಂಥ ಗುಬಟು ನೋಡು, ನಂದ್ರಲ್ಲಿ ಒಂದು ಓರೆಗೈತೆ. ನಿಂದ್ರಲ್ಲಿ ಎರಡೂ ಎದುರುಬದುರು ಇದಾವೆ. ಕೂರಲ್ಲ."

"ಜೋರಾಗಿ ಒತ್ತಿದ್ರೆ ಕೂರ್ತದೆ."

"ನಿನ್ನ ಗಾಡಿಗೆ ಒತ್ಕೊ."

ಅವನು ನಕ್ಕು, ಒಳಗಿನ ಡಬ್ಬ ಹುಡುಕಿ ಸರಿಯಾದ ಜೋಡಿ ತಂದುಕೊಟ್ಟ. "ನಾಳೆ ಗಾಡಿ ತಗೊಂಡ್ಬಾ ಅಕ್ಕ, ನಮ್ಮವನು ಹಾಕಿಕೊಡ್ತಾನೆ."

"ನಾಳೆ ನಮ್ಮಣ್ಣನ ಹಾಲುತುಪ್ಪ."

ಆಂಜಿಯ ನಗು ಹೋಯಿತು. ಹಳೆಯ ಕಾಗದದಲ್ಲಿ ಬಲ್ಬುಗಳನ್ನು ಒಂದೊಂದಾಗಿ ಸುತ್ತಿ, ಮೊಟ್ಟೆ ಕೊಡುವ ಹಾಗೆ ಕೈಗಿಟ್ಟ.

ಮನೆಗೆ ಬಂದು, ಎರಡು ತುತ್ತು ಮುದ್ದೆ ನುಂಗಿ, ಆಕೆ ಮತ್ತೆ ಬಾನೆಟ್ಟಿನ ಕೆಳಗೆ ಬಗ್ಗಿದಳು. ಹೊಸ ಬಲ್ಬುಗಳು ಕಿರಿಕಿರಿಯಿಲ್ಲದೆ ಕೂತವು. ಹೋಲ್ಡರುಗಳನ್ನು ತಿರುಗಿಸಿ ಬಿಗಿದಳು. ಚನ್ನರಾಯಪ್ಪ ಕಾರಿನ ಮುಂದೆ ಹೋಗಿ ನಿಂತ. ಆಕೆ ಒಳಗೆ ಕೂತು ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು.

"ಹಾಕು," ಎಂದ ಅವನು.

"ಹಾಕಿದೀನಿ."

"ಹಂಗಾದ್ರೆ ಇಲ್ಲ."

ಟಿಕಟಿಕ ಸದ್ದು ಅದೇ ಅವಸರದಲ್ಲಿ ಬಡಿದುಕೊಳ್ಳುತ್ತಿತ್ತು. ಆದಿಲಕ್ಷ್ಮಮ್ಮ ಚಕ್ರದ ಮೇಲೆ ಹಣೆಯಿಟ್ಟು ಕೂತಳು. ಭಾನುವಾರದಿಂದ ಆಕೆ ಬಾಯಿ ಬಿಟ್ಟು ಅತ್ತಿರಲಿಲ್ಲ.  ಅತ್ತರೆ ಹೊತ್ತು ಹೋಗುತ್ತದೆ ಎಂದುಕೊಂಡು ಇಳಿದಳು.

ಆಗ ಪವಿತ್ರ ಫೋನು ಮಾಡಿದಳು.

"ಅತ್ತೆ, ಬರ್ತೀರಲ್ವಾ? ಗಂಗರತ್ನಜ್ಜಿ ಅವ್ರ ಮಗಳಿಗೆ ಹಾಲು ತಗೊಂಡು ಬಾ ಅಂತ ಹೇಳ್ಬಿಟ್ಟವ್ರೆ. ಯಾವ್ದಕ್ಕೂ ಇರ್ಲಿ ಅಂತಾರೆ. ನೀವೇ ಎರೀಬೇಕು ಅತ್ತೆ. ಅಪ್ಪನಿಗೆ ನಿಮ್ಮ ಮೇಲೆ ಜೀವ."

"ಬರ್ತೀನಿ ಮಗಾ. ನೀನು ಊಟ ಮಾಡ್ದ?"

"ಇಲ್ಲ."

"ಮಾಡು. ನಾನ್ ಬರ್ತೀನಿ ಅಂದ್ನಲ್ಲ."

ಫೋನಿಟ್ಟು ಎಡಗಡೆಯ ಹೋಲ್ಡರನ್ನು ಮತ್ತೆ ಹೊರಗೆಳೆದಳು. ಬಲ್ಬು ತೆಗೆದು, ಖಾಲಿ ಹೋಲ್ಡರನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದಳು. ತಳದಲ್ಲಿ ಹಸಿರು ಕಿಲುಬು ಹೆಪ್ಪುಗಟ್ಟಿತ್ತು. ಹುಳಿ ಸಾರನ್ನು ಹಿತ್ತಾಳೆ ಪಾತ್ರೆಯಲ್ಲಿ ಮರೆತರೆ ಹಿಡಿಯುತ್ತದಲ್ಲ, ಅದೇ ಕಿಲುಬು. ಮೂಸಿ ನೋಡಿದಳು. ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ನಿಂಬೆಹಣ್ಣು ಇದ್ರ ಮೇಲೆ ಕೂತಿತ್ತಾ?"

"ಅದ್ರ ವೈರಿಗೇ ಕಟ್ಟಿದ್ದು. ಗಟ್ಟಿಯಾಗಿರ್ತದೆ ಅಂತ."

"ಕೊಳೆತು ರಸ ಎಲ್ಲಾ ಒಳಗಿಳಿದೈತೆ. ಅಮಾಸೆ ಅಮಾಸೆಗೂ ಹುಳಿ ಹಿಂಡಿದೀರಿ."

ಚನ್ನರಾಯಪ್ಪ ಹತ್ತಿರ ಬಂದು ಇಣುಕಿದ.  "ಕೆಟ್ಟ ಕಣ್ಣು ಬೀಳ್ದಿರ್ಲಿ ಅಂತ ಕಟ್ಟಿದೆ ಕಣೇ," ಎಂದ.

"ಕೆಟ್ಟ ಕಣ್ಣು ಬೀಳ್ಲಿಲ್ಲ. ಇದ್ದ ಕಣ್ಣೂ ಹೋಯ್ತು."

 ಚನ್ನರಾಯಪ್ಪ ಒಳಗೆ ಹೋಗಿ, ಬಾಗಿಲಿಗೆ ಬಣ್ಣ ಹೊಡೆದಾಗ ಉಳಿದಿದ್ದ ಉಪ್ಪುಕಾಗದದ ಚೂರನ್ನೂ ದೇವರ ಮನೆಯ ಊದುಬತ್ತಿ ಕಡ್ಡಿಗಳನ್ನೂ ತಂದುಕೊಟ್ಟ. ಹೆಂಡತಿ ಕೇಳದೆಯೇ ಕಾರಿನ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ. "ಕರೆಂಟು ಗಿರೆಂಟು ಹೊಡೆದ್ರೆ ನಾಳೆ ಇಬ್ರಿಗೂ ಹಾಲು ಹುಯ್ಬೇಕಾಗ್ತದೆ," ಎಂದು ಗೊಣಗಿದ.

ಕಡ್ಡಿಯ ತುದಿಗೆ ಉಪ್ಪುಕಾಗದ ಸುತ್ತಿ ಆಕೆ ಉಜ್ಜತೊಡಗಿದಳು. ಹಸಿರು ಪುಡಿ ಉದುರಿತು. ಊದಿ, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಉಜ್ಜಿದಳು. ಹಬ್ಬದ ಹಿಂದಿನ ದಿನ ದೀಪದ ಕಂಬ ಬೆಳಗುವ ಕೈಗೆ ಇದೇನೂ ಹೊಸತಲ್ಲ. ಆದರೆ ದೀಪದ ಕಂಬ ಇಷ್ಟು ಕಿರಿದಲ್ಲ, ಕಡ್ಡಿಗಳು ಮುರಿಯುತ್ತಲೇ ಹೋದವು. ಬಹಳ ಹೊತ್ತಿನ ಮೇಲೆ ತಳದಲ್ಲಿ ಲೋಹದ ಹೊಳಪು ಕಂಡಿತು. ಬಲ್ಬು ಹಾಕಿ ಜೋಡಿಸಿ ಎಡಕ್ಕೆ ಹಾಕಿದಾಗ ದೀಪ ಹತ್ತಿ ಆರಿತು, ಹತ್ತಿ ಆರಿತು.

"ಎಡಗಡೆ ಬಂತು," ಎಂದ ಚನ್ನರಾಯಪ್ಪ. "ಒಂದಾಯ್ತಲ್ಲ, ಇನ್ನು ಕೂತ್ಕೋ ಒಂದ್ಗಳಿಗೆ."

"ನಾಳೆ ತಿರುಗೋದು ಬಲಕ್ಕೆ."

ಬಲಗಡೆಯದು ಬ್ಯಾಟರಿಯ ಹಿಂದೆ ಸಿಕ್ಕಿಕೊಂಡಿತ್ತು. ಕಣ್ಣಿಗೆ ಕಾಣುವುದಿಲ್ಲ, ಬೆರಳೇ ಕಣ್ಣಾಗಬೇಕು. ಅವಸರಕ್ಕೆ ಈ ಸಲ ಹೋಲ್ಡರು ಹೊರಗೆ ಬಂದಾಗ ಮುಂಗೈ ತರಚಿ ರಕ್ತ ಜಿನುಗಿತು. ಇದರೊಳಗಿನ ಕಿಲುಬು ಇನ್ನೂ ಗಟ್ಟಿ. ಉಜ್ಜಿ ಉಜ್ಜಿ ತಳ ಹೊಳೆಯುವಂತೆ ಮಾಡಿದರೂ ದೀಪ ಹತ್ತಲಿಲ್ಲ. ಎಡಗಡೆಯ ಬಲ್ಬನ್ನು ತಂದು ಇಲ್ಲಿ ಹಾಕಿದರೂ ಹತ್ತಲಿಲ್ಲ. ಹಾಗಾದರೆ ಬಲ್ಬಿನ ತಪ್ಪಲ್ಲ.

ಹಸುಗಳು ಕೂಗಿದವು. ಸಂಜೆ ಹಾಲು ಕರೆಯುವ ಹೊತ್ತು. ಚನ್ನರಾಯಪ್ಪ ತಾನೇ ಬಕೆಟ್ಟು ಹಿಡಿದು ಹೋದ. ಅವನ ಕೈಗೆ ಹಾಲು ಇಳಿಸದ ಹಸು ಒದೆಯಿತೋ ಏನೋ, ಕೊಟ್ಟಿಗೆಯಿಂದ ತೆಲುಗಿನ ಬೈಗುಳ ಕೇಳಿಬಂತು. ಆದಿಲಕ್ಷ್ಮಮ್ಮ ಕದಲಲಿಲ್ಲ. ಹೋಲ್ಡರನ್ನು ವೈರಿನ ಕೊಂಡಿಯಿಂದ ಬಿಡಿಸಿ ಮೊಣಕಾಲ ಮೇಲಿಟ್ಟುಕೊಂಡು, ಅಣ್ಣ ಹೇಳುತ್ತಿದ್ದುದನ್ನು ನೆನೆದಳು. ಟೆಂಪೋ ಕೆಟ್ಟಾಗ ಅವನು ಬೈಯುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿ, "ಎಲ್ಲಿಂದ ಬರ್ತಾ ಐತೆ, ಎಲ್ಲಿ ನಿಂತೈತೆ, ಅಷ್ಟು ನೋಡು" ಎನ್ನುತ್ತಿದ್ದ.

ಎಲ್ಲಿಂದ ಬರುತ್ತಿದೆ? ವೈರಿನಿಂದ. ವೈರು ಗಟ್ಟಿಯಾಗಿದೆ. ವೈರಿನಿಂದ ತಳದ ತಗಡಿಗೆ. ತಗಡೂ ಹೊಳೆಯುತ್ತಿದೆ. ತಗಡಿನಿಂದ ಬಲ್ಬಿಗೆ. ಆಕೆ ಎಡಗಡೆಯ ಹೋಲ್ಡರನ್ನೂ ಬಿಡಿಸಿ ತಂದು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಎಡಗಡೆಯದರಲ್ಲಿ ತಗಡು ನಾಲಿಗೆಯ ಹಾಗೆ ಸ್ವಲ್ಪ ಮೇಲೆದ್ದಿದೆ. ಬಲಗಡೆಯದು ಎದ್ದಿಲ್ಲ, ತಳಕ್ಕೆ ಅಂಟಿಕೊಂಡಿದೆ. ಬಲ್ಬಿನ ಬುಡ ಅದನ್ನು ಮುಟ್ಟುತ್ತಲೇ ಇಲ್ಲ.

ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಬಿಡಿಸಿದಳು. ಅದರ ಮೊನೆಯನ್ನು ತಗಡಿನ ಅಂಚಿಗೆ ಕೊಟ್ಟು, ಮುರಿಯದ ಹಾಗೆ, ಉಸಿರು ಹಿಡಿದು ಮೀಟಿದಳು. ಅಲುಗಲಿಲ್ಲ. "ಗಣಪ, ಒಂದು ಎಳ್ಳಷ್ಟು," ಎಂದಳು. ಇನ್ನೊಮ್ಮೆ ಮೀಟಿದಾಗ ಅದು ಮೆಲ್ಲಗೆ ಮೇಲೆದ್ದಿತು. ಬಲ್ಬು ಒತ್ತಿದಾಗ ಈ ಸಲ ಕೆಳಗಿನಿಂದ ಎದುರು ಒತ್ತಿದ್ದು ಬೆರಳಿಗೆ ತಿಳಿಯಿತು. ಕೊಂಡಿ ಸಿಕ್ಕಿಸಿ ಎರಡನ್ನೂ ಮತ್ತೆ ಅವುಗಳ ಜಾಗಕ್ಕೆ ಕೂರಿಸಿದಳು.

ಚನ್ನರಾಯಪ್ಪ ಮಂಡಿಗೆ ಸಗಣಿ ಮೆತ್ತಿಕೊಂಡು ಬಂದು ಕಾರಿನ ಮುಂದೆ ನಿಂತ. ಹೊತ್ತು ಮುಳುಗುತ್ತಿತ್ತು. ಆಕೆ ಬಲಕ್ಕೆ ಹಾಕಿದಳು. ಟಿಕ್ ಎಂದಿತು, ನಿಧಾನವಾಗಿ, ಮತ್ತೆ ಟಿಕ್ ಎಂದಿತು. ಅವನ ಬಿಳಿ ಪಂಚೆಯ ಮೇಲೆ ಅರಿಶಿನದ ಬೆಳಕು ಬಂದು ಬಂದು ಹೋಗುತ್ತಿತ್ತು.  ಅವನು ಹೆಗಲ ಟವಲಿನಿಂದ ಮುಖ ಒರೆಸಿಕೊಂಡ.

ಮಂಗಳವಾರ ಇನ್ನೂ ನಸುಕಿರುವಾಗ ಆದಿಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡು ಕೆಂದ ಹಸುವಿನ ಹಾಲು ಕರೆದಳು. ಹಿತ್ತಾಳೆ ಚೆಂಬಿನ ಬಾಯಿಗೆ ಬಾಳೆಲೆ ಕಟ್ಟಿ ಗಂಡನ ತೊಡೆಯ ಮೇಲಿಟ್ಟಳು. "ಕೈ ಬಿಟ್ಟೀರಿ," ಎಂದಳು. ಸುತ್ತು ಬಂದಳು, ದೀಪ ನೋಡಿದಳು, ಹತ್ತಿದಳು.

ಕೋಲಾರ ದಾಟಿ ಮಾಲೂರಿನ ದಾರಿ ಹಿಡಿದಾಗ ಬಿಸಿಲು ಬಿತ್ತು. ಮಾಲೂರಿನಲ್ಲಿ ಇಟ್ಟಿಗೆ ಲಾರಿಗಳ ಸಾಲು ಸಿಕ್ಕಿ ಹೊತ್ತಾಯಿತು. ಪವಿತ್ರ ಎರಡು ಸಲ ಫೋನು ಮಾಡಿದಳು. ಚನ್ನರಾಯಪ್ಪನ ಎರಡೂ ಕೈ ಚೆಂಬಿನ ಮೇಲಿದ್ದವು. "ಬಡ್ಕೊಳ್ಳಿ ಬಿಡಿ, ಹೆಂಗೂ ಹೋಗ್ತಾ ಇದೀವಲ್ಲ," ಎಂದಳು ಆದಿಲಕ್ಷ್ಮಮ್ಮ. ಗಾಡಿಯನ್ನು ಮಾತ್ರ ಎಲ್ಲೂ ಓಡಿಸಲಿಲ್ಲ.

ತೋಟದ ತಿರುವು ದೂರದಿಂದ ಕಂಡಿತು. ರಸ್ತೆಯ ಮೇಲೆ ರಕ್ತದ ಕಲೆ ಮುಚ್ಚಲು ಯಾರೋ ಮರಳು ಚೆಲ್ಲಿದ್ದರು. ಆಕೆ ಬಹಳ ಮುಂಚೆಯೇ ಬಲಕ್ಕೆ ಹಾಕಿ, ವೇಗ ಇಳಿಸಿ, ನಡುಗೆರೆಯ ಹತ್ತಿರ ಬಂದು ನಿಂತಳು. ಎದುರಿನಿಂದ ಒಬ್ಬ ಮೊಪೆಡ್ಡಿನವನು ಬರುತ್ತಿದ್ದ. ಕ್ಯಾನುಗಳ ನಡುವೆ ಮೊಣಕಾಲು ಅಗಲಿಸಿ ಕೂತಿದ್ದ. ಕಾರನ್ನು ನೋಡಿ, ದೀಪ ನೋಡಿ, ಅವನು ವೇಗ ತಗ್ಗಿಸಿ ರಸ್ತೆಯ ಅಂಚಿಗೆ ಸರಿದ. ಆಕೆ ಕೈ ಆಡಿಸಿ, ನೀನು ಮೊದಲು ಹೋಗು ಎಂದಳು. ಅವನು ತಲೆ ಬಗ್ಗಿಸಿ ಮುಂದೆ ಹೋದ. ಅವನ ಕ್ಯಾನಿನ ಗಡಗಡ ಸದ್ದು ಹಿಂದೆ ಸರಿಯುವವರೆಗೂ ಆಕೆ ಕಾದಳು. ಆಮೇಲೆ ತಿರುಗಿದಳು. 

ಗುಡ್ಡೆಯ ಸುತ್ತ ಜನ ನಿಂತಿದ್ದರು. ಗಂಗರತ್ನಮ್ಮನ ಮಗಳು ಚೆಂಬು ಹಿಡಿದು ಮುಂದೆ ಬಂದಿದ್ದವಳು ಕಾರಿನ ಸದ್ದಿಗೆ ತಿರುಗಿ ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಗಂಗರತ್ನಮ್ಮ ಸೂರ್ಯನನ್ನು ನೋಡಿದಳು, ಆದಿಲಕ್ಷ್ಮಮ್ಮನ ತರಚಿದ ಕೈ ನೋಡಿದಳು. "ಬಾಮ್ಮ," ಎಂದಳು. "ನಿನ್ನ ಹಾಲು ಬರ್ಲಿ."

ಚನ್ನರಾಯಪ್ಪ ತೊಡೆಯ ಮೇಲಿಂದ ಎತ್ತಿದ ಚೆಂಬನ್ನು ನೇರ ಹೆಂಡತಿಯ ಕೈಗೆ ಕೊಟ್ಟ. ಪವಿತ್ರ ಬಂದು ಅತ್ತೆಯ ಸೆರಗು ಹಿಡಿದು ನಿಂತಳು. ಆದಿಲಕ್ಷ್ಮಮ್ಮ ತಲೆಯ ಕಡೆಯಿಂದ ಕಾಲಿನ ಕಡೆಗೆ ಧಾರೆಯಾಗಿ ಹಾಲು ಎರೆದಳು. ಕೆಂಪು ಮಣ್ಣು ಅದನ್ನು ಹಾಗೇ ಕುಡಿಯಿತು. ಆಗ ಆಕೆಗೆ ಮೂರು ದಿನದ ಅಳು ಬಂತು. ಮಂಡಿಯೂರಿ, ಹಸಿ ಮಣ್ಣಿನ ಮೇಲೆ ಅಂಗೈ ಇಟ್ಟು, ಅಳುತ್ತಲೇ, ಗಂಡನಿಗೆ ಹೆಸರು ಕೊಟ್ಟ ದೇವರನ್ನು ಬೇಡಿಕೊಂಡಳು:

"ಸ್ವಾಮಿ ಚನ್ನರಾಯ, ನಮ್ಮಣ್ಣ ನಿನ್ನ ಹತ್ರ ಬಂದವ್ನೆ. ಬಿಸ್ಲು ಮಳೆ ಅನ್ದೆ ದುಡ್ದ ಜೀವ, ಯಾರ್ಗೂ ಕೆಟ್ಟದ್ದು ಬಯಸ್ಲಿಲ್ಲ. ನೋವಿನಾಗೆ ಹೋಯ್ತು, ಆ ನೋವು ಅಲ್ಲಿಗಂಟ ಬರ್ದಿರ್ಲಿ. ಮಗಳ ಚಿಂತೆ ಅವ್ನಿಗೆ ಬೇಡ, ನಾವಿದೀವಿ. ನಿನ್ನ ಪಾದದ ಹತ್ರ ಒಂದು ನೆಳ್ಳು ಕೊಡು ತಂದೆ. ಅವ್ನ ಆತ್ಮ ತಣ್ಣಗಿರ್ಲಿ. ತಣ್ಣಗಿಡು."